ಕೊಂಬು

ನೋರೂಜ್ ಕಳೆದು ಮೂರನೆಯ ದಿನ.
ನರೀನ್ ನದಿಯ ಅಂಚಿಗೆ ಇನ್ನೂ ಬೂದು ಮಂಜುಗಡ್ಡೆ.
ಹಬ್ಬದ ಕೊಪ್ಪರಿಗೆಯ ತಳ ಉಜ್ಜಿ ಉಜ್ಜಿ ಸಾಕಾಗಿ
ಬುರುಲ್ಚಾ ಸಂದೂಕದೊಳಗಿಂದ ಗಂಟು ತೆಗೆದಳು.

ನಾಲ್ಕು ವರ್ಷದ ಧೂಳು. ಒಂದು ಸೀನು.
ಅಕ್ಕ ತಂಗಿ ತುಳಿದು ತುಳಿದು ಹದಮಾಡಿದ ಕೆಂಪು ಉಣ್ಣೆ,
ನಡುವೆಲ್ಲ ತೂತು,
ಟಗರಿನ ಕೊಂಬಿನ ಆಕಾರದ ತೂತು.

ಶಿರ್ದಾಕ್ ಹಾಸು ಹುಟ್ಟುವುದು ಹೀಗೆ:
ಕಂದಿನ ಮೇಲೆ ಕೆಂಪು ಹಾಸಿ, ಎರಡಕ್ಕೂ ಒಂದೇ ಚಾಕು.
ಕಂದಿನಿಂದ ಎದ್ದದ್ದು ಕೆಂಪಿನ ಹೊಟ್ಟೆಗೆ,
ಕೆಂಪಿನದು ಕಂದಿಗೆ.
ಚೂರು ಮಿಗಿಸಿದರೆ ಮನೆಯಲ್ಲಿ ಜಗಳ, ಅನ್ನುತ್ತಿದ್ದಳು ತಾಯಿ.

ಜಗಳ ಚಾಕುವಿಗಿಂತ ಮೊದಲೇ ಬಂದಿತ್ತು:
ಒಂದು ಕುದುರೆ, ಅದರ ಬೆಲೆ, ಯಾರೋ ಆಡಿದ ಮಾತು.
ಕಂದು ನನ್ನ ಪಾಲು ಎಂದು ಎಲ್ಲವನ್ನೂ ಸುತ್ತಿಕೊಂಡು
ಉಮ್ಸುನಾಯ್ ಅಟ್‌ಬಾಶಿಯ ಬಸ್ಸು ಹತ್ತಿದ್ದಳು.

ಹೊಸ ವರ್ಷಕ್ಕೆ ಹೊಸದನ್ನೇ ಹಿಡಿಯಬಹುದಿತ್ತು.
ಕಾಲುಚೀಲವೋ, ಮೊಮ್ಮಗನ ಟೋಪಿಯೋ.
ಸೂಜಿಗೆ ದಾರ ಪೋಣಿಸಲು ಈಗ
ಒಂದರ ಮೇಲೊಂದು ಎರಡು ಕನ್ನಡಕ.
ಗಂಟಿನ ಅಡಿಯಲ್ಲಿದ್ದ ಕೆಂಪು ಕೊಂಬನ್ನು
ಅದು ಎದ್ದ ಜಾಗದಲ್ಲೇ ಇಟ್ಟು ನೋಡಿದಳು.
ಸರಿಯಾಗಿ ಕೂತಿತು.
ಕೆಂಪಿನಲ್ಲಿ ಕೆಂಪು. ಕೊಂಬೇ ಕಾಣಲಿಲ್ಲ.

ಫೋನು ಆರು ಸಲ ಹೊಡೆದುಕೊಂಡಿತು.
"ನಿನ್ನ ಕಂದು ಕೊಂಬುಗಳು ಇವೆಯಾ?"
ನಮಸ್ಕಾರವಿಲ್ಲ, ಹಬ್ಬ ಹೇಗಾಯಿತು ಎಂದೂ ಇಲ್ಲ.

ಆ ಕಡೆ ಬಹಳ ಹೊತ್ತು ಬರೀ ಕುರಿಮರಿಗಳ ಸದ್ದು.
ಆಮೇಲೆ ಸಂದೂಕದ ಮುಚ್ಚಳ ಕಿರುಗುಟ್ಟಿತು,
ಒಂದು ಸೀನು.
"ಯಾವುದು ಬೇಕು? ಎಡಕ್ಕೆ ತಿರುಗಿದ್ದಾ, ಬಲಕ್ಕಾ?"