ದಂಟಿನ ಲೆಕ್ಕ

ಪೆಟ್ರೋಲ್ ಮುಳ್ಳು ಸತ್ತು ಹತ್ತೊಂಬತ್ತು ವರ್ಷ.
ಟಾಕಿಯೊಳಗ ಜೋಳದ ದಂಟು ಇಳಿಸಿ
ಹಸಿ ಎಲ್ಲಿತನಕ ಏರ್ಯದ ನೋಡತೀನಿ:
ಒಂದು ಗೇಣಿದ್ದರ ಹುಮನಾಬಾದ್,
ನಾಕು ಬೆರಳಿದ್ದರ ನೌಬಾದ್, ಅಷ್ಟ.

ಗೇರಿನ ಗುಂಡು ಒಡದಾಗ
ಯಾಕೂಬ್ ಉಸ್ತಾದ್ ಬಿದ್ರಿಯಾಗ ಒಂದು ಮಾಡಿಕೊಟ್ಟ,
ಕೋಟಿ ಮಣ್ಣಿನ ನೀರಾಗ ಅದ್ದಿ, ಕಪ್ಪು ಬರಿಸಿ.
ಬೆಳ್ಳಿ ಬಳ್ಳಿ ಈಗ ಅರ್ಧ ಸವದದ
ಎರಡನೇ ಗೇರಿನ ಕಡಿಗೆ.
ಅದು ಸುಮ್ಮನ ಬೀಳಂಗಿಲ್ಲ:
ಕ್ಲಚ್ ಒತ್ತು, ಬಿಡು, ಒಂದೀಟು ರೇಸ್ ಕೊಡು, ಮತ್ತ ಒತ್ತು,
ಸಿಟ್ಟಾದ ಬೀಗ್ತಿಗೆ ಊಟಕ್ಕ ಎಬ್ಬಿಸಿದಂಗ.

‘ಆಯಿಲ್ ಸೋರ್ತದಲ್ರೀ’ ಅಂತಾರ ಮಂದಿ.
ಸೋರೂದು ನಿಂತ ದಿನ
ನನ್ನ ಎದಿ ಧಸಕ್ಕಂತದ.

ಎರಡೇ ಸೀಟು, ಮ್ಯಾಲ ಬರೇ ಆಕಾಶ.
ಎಡಬಾಗಿಲು ತೆರಿಯಂಗಿಲ್ಲ.
ಅರವತ್ತೊಂದರ ಗುರುದೇವಿ ಸೀರಿ ನೆರಿಗಿ ಎತ್ತಿ
ಹುಡುಗಿಹಂಗ ದಾಟಿ ಕೂಡತಾಳ,
ಸೆರಗು ಹಲ್ಲಾಗ ಕಚ್ಚಿ.

ಕುಂಡಿ ಕೆಳಗ ಒಂದು ಗೇಣು, ಅದರ ಕೆಳಗ ರಸ್ತೆ.
ಹಳ್ಳೊಂದು ಸಿಡದರ ಬೆನ್ನೆಲುಬಿಗೆ ಗೊತ್ತಾಗತದ.
ಹುಬ್ಬಿನ ತುಂಬ ಕೆಂಪು ಧೂಳು.

ಬಲಗಡಿ ಹಾಲಿನ ಟೆಂಪೋ
ಕ್ಯಾನು ಗಡಗಡಿಸುತ್ತ ನಮಗ ಹಿಂದ ಹಾಕಿ ಹೋತು.
ಗುರುದೇವಿ ನನ್ನ ರಟ್ಟಿ ಹಿಡದು ಚೀರಿದಳು:
‘ಸಾವಕಾಶ್ರೀ! ಯಾಕಿಷ್ಟು ಜೋರು?’