ಮೂವತ್ತು ಎಣಿಸುವ ತನಕ

ಭಾಂಡುಪದ ಗುಡ್ಡದ ಚಾಳಿನಲ್ಲಿ
ನಳ ಬರುವುದು ನಸುಕಿನ ನಾಲ್ಕೂ ಹತ್ತಕ್ಕೆ.
ಈಗ ರಾತ್ರಿ ಹನ್ನೊಂದು. ಒಡೆದದ್ದು ಎಲ್ಬೋ.

ಇಂಡಿ ಕಡೆಯ ಮೌಲಾಲಿ ಗಟಾರದ ಅಂಚಿಗೆ ಕುಕ್ಕರಗಾಲಲ್ಲಿ ಕೂತು
ಪೈಪು ನೇರ ಕೊಯ್ದ, ಪಾಲಿಶ್ ಪೇಪರಿನಿಂದ ಬಾಯಿ ತಿಕ್ಕಿದ,
ಹಚ್ಚುವ ಮೊದಲೇ ಒಮ್ಮೆ ತೂರಿಸಿ ಪೆನ್ಸಿಲ್ ಗೀಟು ಹಾಕಿದ.
ಸಿಮೆಂಟಿನ ಡಬ್ಬಿ ತೆರೆದರೆ
ಮೂಗಿನೊಳಗೆ ತಣ್ಣಗೆ ಏನೋ ಓಡಿತು.

"ಇದು ಗೋಂದಲ್ರೀ ಅಕ್ಕ.
ಎರಡರ ಮೈನೂ ಚೂರು ಕರಗಸ್ತದ.
ಆಮ್ಯಾಲೆ ಪೈಪ್ ಯಾವ್ದು, ಎಲ್ಬೋ ಯಾವ್ದು
ಅವಕ್ಕೇ ಗೊತ್ತಿರಂಗಿಲ್ಲ."

ನೂಕಿ, ಕಾಲು ಸುತ್ತು ತಿರುವಿ
ನನ್ನ ಕೈಗಿಟ್ಟ. "ಹಿಡೀರಿ. ಮೂವತ್ತು ಎಣಸ್ರಿ.
ಬಿಟ್ರ ಹಿಂದಕ್ಕ ತಳ್ಳತದ."

ತಳ್ಳಿತು.
ಕರುವಿನ ಮೂತಿಯಷ್ಟು ಮೆಲ್ಲಗೆ, ಅಂಗೈಗೆ ಮಾತ್ರ ಗೊತ್ತಾಗುವಂತೆ.
ಹದಿನೇಳಕ್ಕೆ ಗಾವಡೆ ಕಾಕು ಮೇಲಿಂದ ಕೂಗಿದಳು, "ಝಾಲಂ ಕಾ?"
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ಹೋಗುವಾಗ ಹೇಳಿದ, ನಾಳೆ ಮಧ್ಯಾಹ್ನದ ತನಕ ನೀರು ಬಿಡಬ್ಯಾಡ್ರಿ.

ನಾಲ್ಕೂ ಹತ್ತಕ್ಕೆ ಇಡೀ ಚಾಳಿನ ಕೊಡಗಳು ಎದ್ದವು.
ನಾನು ವಾಲ್ವಿನ ಮೇಲೆ ಕೈಯಿಟ್ಟು ಕೂತೇ ಇದ್ದೆ,
ಬೆರಳಿನಿಂದ ಒಣಸಿಪ್ಪೆ ಸುಲಿಯುತ್ತ.
ಗಾವಡೆ ಕಾಕು ಬಂದು, ಏನೂ ಕೇಳದೆ,
ನನ್ನ ಬಕೆಟ್ಟಿಗೆ ಅರ್ಧ ಕೊಡ ಸುರಿದು
ಬಯ್ಯುತ್ತ ಮೆಟ್ಟಿಲು ಹತ್ತಿದಳು.