ಕಪ್ಪು ಕನ್ನಡಕ, ಮೊದಲ ಪಾಠ

ಮೊದಲು ಒಂದು ಅಡ್ಡಗೆರೆ, ಎಳೆದೂ ಎಳೆಯದ ಹಾಗೆ,
ಅಂದಳು ಪಕ್ಕದ ಮನೆಯ ಅಫ್ರೀನ್, ಆರನೇ ಕ್ಲಾಸು.
ಕಡೂರು-ಬೀರೂರು ಬಸ್ಸಿನಲ್ಲಿ ಮೂವತ್ತು ವರ್ಷ
ಪೆನ್ಸಿಲನ್ನು ಕಿವಿಯ ಮೇಲಿಟ್ಟು ತಿರುಗಿದ ನಾನು
ಒತ್ತಿಯೇ ಎಳೆದೆ. ಹಾಳೆಗೆ ಗೀರು ಬಿತ್ತು.
"ತಾತ, ಇದು ಟಿಕೀಟಲ್ಲ."

ಗೆರೆಯ ಮೇಲೆ ಎರಡು ಡಬ್ಬಿ. ನಡುವೆ ಮೂಗಿನಷ್ಟು ಜಾಗ.
ಮೂಲೆಗಳನ್ನು ಸವೆಸಿ, ಸೋಪು ಸವೆದ ಹಾಗೆ.
ಎಡದ ಡಬ್ಬಿ ದೊಡ್ಡದಾಯಿತು;
ಪೊರೆ ತೆಗೆದದ್ದೂ ಎಡಗಣ್ಣಿನದೇ, ಇರಲಿ ಅಂದೆ.
ಅವಳು ರಬ್ಬರು ಕೊಟ್ಟಳು.

ತೊಂದರೆ ಬೇರೆ ಇತ್ತು:
ಹಾಕಿಕೊಂಡರೆ, ನೋಡಿ ಬರೆಯಲು ಕನ್ನಡಕವಿಲ್ಲ;
ತೆಗೆದಿಟ್ಟರೆ, ಬಿಸಿಲು ಚುಚ್ಚಿ, ಕಣ್ಣೇ ಇಲ್ಲ.
ತಿಂಗಳು ತೆಗೀಬೇಡಿ ಅಂದಿದ್ದರು ಕ್ಯಾಂಪಿನ ನರ್ಸಮ್ಮ.
ಅಫ್ರೀನ್ ಓಡಿಹೋಗಿ
ಅವಳಮ್ಮ ಸುರ್ಮಾ ಹಚ್ಚುವ ಕನ್ನಡಿ ತಂದು
ಸಕ್ಕರೆ ಡಬ್ಬಕ್ಕೆ ಒರಗಿಸಿದಳು.

ಈಗ ಕಂಡಿತು. ಕಪ್ಪಿನೊಳಗೆ ಕಿಟಕಿ,
ಕಿಟಕಿಯೊಳಗೆ ತಂತಿಯ ಮೇಲೆ ಅವಳ ಶಾಲೆಯ ಬಿಳಿ ಅಂಗಿ.
ಅದನ್ನು ಹೇಗೆ ಬರೆಯಲಿ?
"ಬರೀಬೇಡಿ. ಸುತ್ತ ಕಪ್ಪು ತುಂಬಿ, ಅಷ್ಟು ಹಾಳೆ ಬಿಟ್ಬಿಡಿ.
ತಾನೇ ಹೊಳೆಯುತ್ತೆ."
ನಾಲ್ಕಾಣೆ ಚಿಲ್ಲರೆಯನ್ನೂ ಬಿಟ್ಟು ಗೊತ್ತಿಲ್ಲದ ಕೈ;
ಕಷ್ಟಪಟ್ಟು ಬಿಟ್ಟೆ, ಉಗುರಿನಷ್ಟು ಬಿಳಿ.

ರೈಲು ಹಾದಾಗ ಮೇಜು ನಡುಗಿ
ಕಪ್ಪು ಒಂದಿಷ್ಟು ಆಚೆ ಚೆಲ್ಲಿತು.
ಕಡ್ಡಿಗಳು ಸೊಟ್ಟ: ಒಂದು ಕಿವಿಗೆ, ಇನ್ನೊಂದು ಆಕಾಶಕ್ಕೆ.

ಕನ್ನಡಿಯಲ್ಲಿ ಮುಖವಿತ್ತು, ಹಾಳೆಯಲ್ಲಿ ಬರೀ ಕನ್ನಡಕ.
ಮೂಗೂ ಬರೆದುಬಿಡಲಾ, ಟೀಚರ್?
ಪೆನ್ಸಿಲು ಕಸಿದು ತನ್ನ ಕಿವಿಯ ಮೇಲಿಟ್ಟುಕೊಂಡಳು:
"ಮೂಗು ನಾಳೆ."